ಎಲ್ಲ ಹಲ್ಲೂ ಬರಲಿ, ಆಮೇಲೆ ನೋಡೋಣ?

(ದಾವಣಗೆರೆಯಲ್ಲಿ ದಂತವೈದ್ಯರು, ಪ್ರಾಥಮಿಕ ಶಾಲೆಯ ಶಿಕ್ಷಕರು ಮತ್ತು ಪೋಷಕರು ಒಟ್ಟಿಗೆ ಕೂತಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿದೆ.)

ಎಲ್ಲರಿಗೂ ನಮಸ್ಕಾರ.

ಮಕ್ಕಳ ಹಲ್ಲಿನ ವಿಷಯಕ್ಕೆ ಬಂದರೆ ನಮ್ಮ ಕಡೆಯ ಕ್ಲಿನಿಕ್ಕುಗಳಲ್ಲಿ ಬಾಯಿಗೆ ತಾನಾಗಿ ಬರುವ ಮಾತು ಒಂದಿದೆ: "ಎಲ್ಲ ಹಲ್ಲೂ ಬಿದ್ದು ಹೊಸದು ಬರಲಿ, ಆಮೇಲೆ ಕ್ಲಿಪ್ ಹಾಕಿದ್ರಾಯ್ತು." ಪಿ.ಜೆ. ಬಡಾವಣೆಯಲ್ಲೂ ಇದೇ ಮಾತು, ಜಗಳೂರಿನ ಬಸ್‌ಸ್ಟ್ಯಾಂಡ್ ಪಕ್ಕದಲ್ಲೂ ಇದೇ ಮಾತು. ಹೇಳುವವರು ನಾವು ದಂತವೈದ್ಯರು, ಕೇಳಿ ನೆಮ್ಮದಿಯಿಂದ ಮನೆಗೆ ಹೋಗುವವರು ತಂದೆತಾಯಿ. ಮಾತು ಸುಳ್ಳಲ್ಲ. ಕೆಲವು ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಸಲಹೆಯೇ ಇಲ್ಲ. ಇನ್ನು ಕೆಲವರಿಗೆ ಇದೇ ಮಾತಿನಿಂದ ಮತ್ತೆ ಸಿಗದ ಎರಡು ಮೂರು ವರ್ಷ ಕೈತಪ್ಪುತ್ತದೆ. ಯಾರಿಗೆ ಯಾವುದು ಅಂತ ವಿಂಗಡಿಸುವುದೇ ನಮ್ಮ ವಿದ್ಯೆ, ಮತ್ತು ಅದನ್ನೇ ನಾವು ಅವಸರದಲ್ಲಿ ಬಿಟ್ಟುಬಿಡುತ್ತೇವೆ ಅನ್ನುವುದು ನನ್ನ ಇವತ್ತಿನ ತಕರಾರು.

1979ರಲ್ಲಿ ಬಾಪೂಜಿ ದಂತ ಕಾಲೇಜು ಶುರುವಾದಾಗಿನಿಂದ ಈ ಊರಿಗೆ ದಂತವೈದ್ಯರ ಬರ ಅಂತ ಬಂದಿಲ್ಲ. ಈಗ ಊರಲ್ಲೇ ಎರಡು ಕಾಲೇಜು, ಪಕ್ಕದ ಚಿತ್ರದುರ್ಗದಲ್ಲೂ ಒಂದಿದೆ. ಹಾಗಾಗಿ ವೈದ್ಯರಿಲ್ಲ ಅನ್ನುವ ನೆಪ ನಮಗಿಲ್ಲ. ಬಿಡಿಎಸ್ ಓದುವಾಗ ಎಲ್ಲಿಯಾದರೂ ನಡೆಯುವುದು ಇಷ್ಟು: ಮೊದಲ ವರ್ಷದಲ್ಲಿ ಮೇಣದಲ್ಲಿ ಹಲ್ಲು ಕೆತ್ತುತ್ತಾ, ಯಾವ ಹಲ್ಲು ಯಾವ ವಯಸ್ಸಿಗೆ ಹುಟ್ಟುತ್ತದೆ ಎಂಬ ಪಟ್ಟಿಯನ್ನು ಬಾಯಿಪಾಠ ಮಾಡುತ್ತೇವೆ. ಮಕ್ಕಳ ದಂತ ಚಿಕಿತ್ಸೆ, ಹಲ್ಲು ಸಾಲು ಸರಿಪಡಿಸುವ ಆರ್ಥೊ, ಇವೆರಡೂ ಬರುವುದು ಕೊನೆಯ ವರ್ಷದಲ್ಲಿ. ಅಷ್ಟರಲ್ಲಿ ಪಟ್ಟಿ ಪರೀಕ್ಷೆಯ ಜೊತೆ ಮುಗಿದುಹೋಗಿರುತ್ತದೆ. ಕುರ್ಚಿಯಲ್ಲಿ ಎಂಟು ವರ್ಷದ ಮಗು ಬಾಯಿ ತೆರೆದಾಗ ಆ ಪಟ್ಟಿ ನೆನಪಿಗೆ ಬರುವುದು ಕಡಿಮೆ; ಕಣ್ಣಿಗೆ ಬೀಳುವುದು ಹುಳುಕು ಮಾತ್ರ.

ಬುಡದಿಂದ ಶುರು ಮಾಡೋಣ. ಹಲ್ಲಿನ ಮೊಳಕೆ ಗರ್ಭದಲ್ಲಿ ಆರನೇ ವಾರದ ಹೊತ್ತಿಗೇ ಕಾಣಿಸಿಕೊಳ್ಳುತ್ತದೆ. ಆರು ವರ್ಷಕ್ಕೆ ಬಾಯಲ್ಲಿ ಕಾಣುವ ದವಡೆ ಹಲ್ಲಿಗೆ ಸುಣ್ಣದಂಶ ಸೇರುವುದು ಮಗು ಹುಟ್ಟುವ ಹೊತ್ತಿಗೇ ಆರಂಭ. ಅಂದರೆ ತೊಟ್ಟಿಲಲ್ಲಿರುವ ಕೂಸಿನ ದವಡೆಯೊಳಗೆ ಅದರ ಮುಪ್ಪಿನವರೆಗೆ ಬರಬೇಕಾದ ಹಲ್ಲಿನ ಕೆಲಸ ಆಗಲೇ ನಡೆಯುತ್ತಿರುತ್ತದೆ.

ಎರಡೂವರೆ ಮೂರು ವರ್ಷಕ್ಕೆ 20 ಹಾಲುಹಲ್ಲು ಪೂರ್ತಿಯಾಗುತ್ತವೆ. ಆಗ ತಾಯಂದಿರ ಒಂದು ಚಿಂತೆ: "ಹಲ್ಲಿನ ನಡುವೆ ಸಂದು ಬಿಟ್ಟೈತಲ್ರಿ, ದೊಡ್ಡೋನಾದ್ಮೇಲೆ ಹಿಂಗೇ ಇರುತ್ತಾ?" ನಾನು ಹೇಳುವುದು, ಸಂದು ಇದ್ದರೆ ಖುಷಿಪಡಿ. ಹಾಲುಹಲ್ಲು ಮುತ್ತು ಪೋಣಿಸಿದ ಹಾಗೆ ಒತ್ತೊತ್ತಾಗಿದ್ದರೆ ನನಗೆ ಚಿಂತೆ. ಯಾಕೆಂದರೆ ಮೇಲಿನ ನಾಲ್ಕು ಹೊಸ ಬಾಚಿಹಲ್ಲುಗಳು ಸೇರಿ, ಹಳೆಯ ನಾಲ್ಕಕ್ಕಿಂತ ಸರಾಸರಿ 7.6 ಮಿಲಿಮೀಟರ್ ಹೆಚ್ಚು ಅಗಲ. ಕೆಳಗಡೆ ಈ ವ್ಯತ್ಯಾಸ 6 ಮಿಲಿಮೀಟರ್. ಈ ಜಾಗ ಎಲ್ಲಿಂದ ಬರಬೇಕು? ಒಂದಿಷ್ಟು ಈ ಸಂದುಗಳಿಂದ. ಒಂದಿಷ್ಟು ದವಡೆ ಅಗಲವಾಗುವುದರಿಂದ. ಇನ್ನೊಂದಿಷ್ಟು ಹೊಸ ಹಲ್ಲು ಹಳೆಯದಕ್ಕಿಂತ ತುಸು ಮುಂದಕ್ಕೆ ವಾಲಿ ಹುಟ್ಟುವುದರಿಂದ.

ಹಿಂಭಾಗದಲ್ಲಿ ಲೆಕ್ಕ ತಿರುಗುಮುರುಗು. ಹಾಲಿನ ದವಡೆ ಹಲ್ಲುಗಳು ತಮ್ಮ ಜಾಗಕ್ಕೆ ಬರುವ ಹೊಸ ಹಲ್ಲುಗಳಿಗಿಂತ ದಪ್ಪ. ಹಾಲಿನ ಕೋರೆ ಮತ್ತು ಎರಡು ದವಡೆ ಹಲ್ಲು ಬಿದ್ದು ಹೊಸ ಮೂರು ಬಂದಾಗ ಕೆಳಗೆ ಒಂದೊಂದು ಪಕ್ಕಕ್ಕೆ ಸುಮಾರು 1.7 ಮಿಲಿಮೀಟರ್, ಮೇಲೆ 0.9 ಮಿಲಿಮೀಟರ್ ಉಳಿತಾಯ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಹಲ್ಲಿನ ಲೋಕದಲ್ಲಿ ಇದು ದೊಡ್ಡ ಆಸ್ತಿ. ಕೆಳಗಿನ ಮುಂಭಾಗದ ಸಣ್ಣಪುಟ್ಟ ಇಕ್ಕಟ್ಟು ಕರಗಬೇಕಾದರೂ, ಮೇಲಿನ ಕೆಳಗಿನ ದವಡೆ ಹಲ್ಲು ಒಂದರೊಳಗೊಂದು ಸರಿಯಾಗಿ ಕೂರಬೇಕಾದರೂ ಖರ್ಚಾಗುವುದು ಇದೇ ಜಾಗ.

ಈಗ ಆರು ವರ್ಷದ ದವಡೆ ಹಲ್ಲಿಗೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಹೊತ್ತು ಮಾತಾಡುತ್ತೇನೆ, ಯಾಕೆಂದರೆ ನಮ್ಮ ಜಿಲ್ಲೆಯ ಮಕ್ಕಳ ಬಾಯಲ್ಲಿ ಅತಿ ಹೆಚ್ಚು ಅನ್ಯಾಯಕ್ಕೊಳಗಾಗುವ ಹಲ್ಲು ಇದೇ ಅಂತ ನನ್ನ ಅನಿಸಿಕೆ. ಈ ಹಲ್ಲು ಬರುವಾಗ ಯಾವ ಹಾಲುಹಲ್ಲೂ ಬೀಳುವುದಿಲ್ಲ. ಕೊನೆಯ ಹಾಲಿನ ದವಡೆ ಹಲ್ಲಿನ ಹಿಂದೆ, ಒಸಡಿನ ಮಡಿಕೆಯೊಳಗಿಂದ ಸದ್ದಿಲ್ಲದೆ ಮೇಲೇಳುತ್ತದೆ. ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ಹಲ್ಲು ಅಲ್ಲಾಡಿದರೆ ಮನೆಮಂದಿಗೆಲ್ಲ ಸುದ್ದಿ. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವ ಸಂಭ್ರಮ. ಜೀವನಪೂರ್ತಿ ಅಗಿಯಬೇಕಾದ ಹಲ್ಲು ಬಂದಾಗ ಯಾರೂ ಬಾಯಿ ತೆರೆಸಿ ನೋಡುವುದಿಲ್ಲ. ಅದರ ಮೇಲ್ಮೈಯ ಗೆರೆಗಳು ಆಳ, ಅರ್ಧ ಮೇಲೆ ಬಂದ ಹಲ್ಲಿಗೆ ಬ್ರಷ್ ತಾಗುವುದಿಲ್ಲ, ಮಗುವಿಗೆ ಕೈ ತಿರುವುವುದೂ ಬರುವುದಿಲ್ಲ. ಎಂಟು ವರ್ಷಕ್ಕೆ ಅದರಲ್ಲಿ ಗುಂಡಿ. ಹೇಳಿದರೆ ಬರುವ ಉತ್ತರ: "ಹಾಲಲ್ಲು ತಾನೆ ಡಾಕ್ಟ್ರೇ, ಬಿದ್ದೋಗ್ತೈತೆ ಬಿಡ್ರಿ."

ಶಿಕ್ಷಕರು ಇದ್ದೀರಿ, ಗುರುತು ಹಿಡಿಯುವುದು ಸುಲಭ. ನಡುಗೆರೆಯಿಂದ ಹಿಂದಕ್ಕೆ ಎಣಿಸಿ. ಐದಕ್ಕೆ ಹಾಲುಹಲ್ಲು ಮುಗಿಯುತ್ತದೆ. ಆರನೆಯದು ಕಂಡರೆ ಅದು ಶಾಶ್ವತ ಹಲ್ಲು. ಒಂದನೇ ತರಗತಿ, ಎರಡನೇ ತರಗತಿ ಮಕ್ಕಳಲ್ಲಿ ಕಿಟಕಿ ಬೆಳಕಿಗೆ ನಿಲ್ಲಿಸಿ ನೋಡಿದರೆ ಸಾಕು.

ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ಹಲ್ಲು ಕೂಡುವ ರೀತಿಯನ್ನು ಮೂರು ವರ್ಗ ಮಾಡಿದಾಗ ಆಧಾರವಾಗಿ ಇಟ್ಟುಕೊಂಡದ್ದು ಈ ಹಲ್ಲನ್ನೇ. ಇವತ್ತಿಗೂ ನಾವು ಕೇಸ್ ಶೀಟಿನಲ್ಲಿ ಬರೆಯುವುದು ಅದೇ ವರ್ಗ. ಆದರೆ ಈ ಹಲ್ಲು ಸರಿಯಾದ ಜಾಗದಲ್ಲಿ ನಿಲ್ಲುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಅದರ ಮುಂದಿರುವ ಹಾಲುಹಲ್ಲು. ಐದು ವರ್ಷದ ಮಗು ನೋವು ಅಂತ ಬಂತು, ಹಾಲಿನ ಎರಡನೇ ದವಡೆ ಹಲ್ಲು ಕೊಳೆತಿತ್ತು, ಕಿತ್ತು ಕಳಿಸಿದೆವು. ನೋವು ಹೋಯಿತು, ತಾಯಿಗೆ ಸಮಾಧಾನ. ಒಳಗಿನ ಕಥೆ ಬೇರೆ. ಹಿಂದಿನಿಂದ ಬರುವ ಆರು ವರ್ಷದ ಹಲ್ಲಿಗೆ ತಡೆಯೇ ಇಲ್ಲ. ಬೇಲಿ ಕಿತ್ತ ಹೊಲದ ಹಾಗೆ, ಪಕ್ಕದವನು ವರ್ಷ ವರ್ಷ ಒಂದೊಂದು ಸಾಲು ಒತ್ತುವರಿ ಮಾಡುತ್ತಾ ಬರುತ್ತಾನೆ. ಹನ್ನೊಂದು ಹನ್ನೆರಡಕ್ಕೆ ಆ ಜಾಗದ ನಿಜವಾದ ವಾರಸುದಾರ, ಅಂದರೆ ಹೊಸ ಹಲ್ಲು, ಬಂದು ನೋಡಿದರೆ ಕಾಲಿಡಲೂ ಜಾಗವಿಲ್ಲ. ಒಳಗೇ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ನಾಲಿಗೆಯ ಕಡೆ ಹೊರಳಿ ಹುಟ್ಟುತ್ತದೆ.

ಆದ್ದರಿಂದ ಹಾಲುಹಲ್ಲನ್ನು ಉಳಿಸಲು ಬರುವಂತಿದ್ದರೆ ನರದ ಚಿಕಿತ್ಸೆ ಮಾಡಿ ಸ್ಟೀಲ್ ಕ್ಯಾಪ್ ಹಾಕಿ ಉಳಿಸಬೇಕು. ಉಳಿಯದಿದ್ದರೆ ಕಿತ್ತ ಮೇಲೆ ಜಾಗ ಕಾಯುವ ಪಟ್ಟಿ, ನಾವು ಸ್ಪೇಸ್ ಮೇಂಟೇನರ್ ಅನ್ನುತ್ತೇವೆ, ಹಾಕಬೇಕು. ಪಕ್ಕದ ಹಲ್ಲಿಗೆ ಒಂದು ಉಂಗುರ, ಅದರಿಂದ ಹೊರಟ ಒಂದು ತಂತಿಯ ಕುಣಿಕೆ. ಇಷ್ಟೇ ಅದರ ರೂಪ. ಅದನ್ನು ಹಾಕುವ ಕೈಚಳಕ ಎಲ್ಲ ದಂತವೈದ್ಯರಿಗೂ ಇದೆ. ಹೇಳುವ ತಾಳ್ಮೆ ಕಡಿಮೆ. "ಬೀಳೋ ಹಲ್ಲಿಗೆ ಯಾಕೆ ಇಷ್ಟು ಖರ್ಚು" ಅಂತ ಪೋಷಕರು ಕೇಳಿದಾಗ ಐದು ನಿಮಿಷ ಕೂತು ಎಕ್ಸ್‌ರೇ ತೋರಿಸಿದರೆ, ಕೆಳಗೆ ಕಾಯುತ್ತಿರುವ ಹೊಸ ಹಲ್ಲನ್ನು ಅವರೇ ಬೆರಳಿಟ್ಟು ತೋರಿಸುತ್ತಾರೆ. ನಾನು ನೋಡಿದ ಮಟ್ಟಿಗೆ ಎಕ್ಸ್‌ರೇ ಕಂಡ ತಂದೆ ಬೇಡ ಅಂದದ್ದು ಅಪರೂಪ.

ಆರು ವರ್ಷದ ಹಲ್ಲೇ ಉಳಿಯದಷ್ಟು ಕೆಟ್ಟಿದ್ದರೆ? ಅದಕ್ಕೂ ಒಂದು ಕಾಲವಿದೆ, ಇದು ಅನೇಕ ದಂತವೈದ್ಯರಿಗೇ ಹೊಸದಾಗಿ ಕೇಳಿಸುತ್ತದೆ. ಎಂಟರಿಂದ ಹತ್ತು ವರ್ಷದೊಳಗೆ, ಅದರ ಹಿಂದೆ ಬರುವ ಎರಡನೇ ಶಾಶ್ವತ ದವಡೆ ಹಲ್ಲಿನ ಬೇರು ಕವಲೊಡೆಯುವ ಹೊತ್ತಿಗೆ ಇದನ್ನು ಕಿತ್ತರೆ, ಮುಖ್ಯವಾಗಿ ಕೆಳದವಡೆಯಲ್ಲಿ, ಆ ಎರಡನೆಯದು ಮುಂದಕ್ಕೆ ಸರಿದು ಇದರ ಜಾಗದಲ್ಲೇ ಚೆನ್ನಾಗಿ ಕೂರುವ ಸಾಧ್ಯತೆ ಹೆಚ್ಚು. ಅದೇ ಹಲ್ಲನ್ನು ಸಿಮೆಂಟ್ ಮೇಲೆ ಸಿಮೆಂಟ್ ತುಂಬಿಸುತ್ತಾ ಹದಿನಾಲ್ಕರವರೆಗೆ ಎಳೆದು ಆಮೇಲೆ ಕಿತ್ತರೆ ಎರಡನೆಯದು ವಾಲಿಕೊಳ್ಳುತ್ತದೆ, ಸಂದು ಉಳಿಯುತ್ತದೆ. ಉಳಿಸುವುದು ಯಾವಾಗಲೂ ಪುಣ್ಯದ ಕೆಲಸ ಅಂತ ತಿಳಿದವರಿಗೆ ಇದು ನುಂಗಲಾರದ ತುತ್ತು. ಕೀಳುವ ಮೊದಲು ಒಂದು ಒಪಿಜಿ, ಅಂದರೆ ಎರಡೂ ದವಡೆ ಪೂರ್ತಿ ಕಾಣುವ ಎಕ್ಸ್‌ರೇ, ತೆಗೆಸಿ ಆರ್ಥೊ ವೈದ್ಯರಿಗೆ ತೋರಿಸಿ ಅನ್ನುವುದಷ್ಟೇ ನನ್ನ ಕೋರಿಕೆ.

ಇನ್ನು ಕಾಯಬೇಕಾದ ಸಂಗತಿಗಳು. ಇವನ್ನು ಬೇಗ ಮುಗಿಸುತ್ತೇನೆ.

ಕೆಳಗಿನ ಮುಂದಿನ ಹಲ್ಲು ಹಾಲುಹಲ್ಲಿನ ಹಿಂದೆ ಎರಡನೇ ಸಾಲಾಗಿ ಹುಟ್ಟಿತು ಅಂತ ಗಾಬರಿಯಾಗಿ ಓಡಿಬರುತ್ತಾರೆ. ಹಳೆಯದು ಅಲ್ಲಾಡುತ್ತಿದ್ದರೆ ಬಿಡಿ, ಬೀಳುತ್ತದೆ, ನಾಲಿಗೆಯೇ ಹೊಸದನ್ನು ಮುಂದಕ್ಕೆ ದೂಡುತ್ತದೆ. ತಿಂಗಳುಗಟ್ಟಲೆ ಜಗ್ಗದೆ ನಿಂತರೆ ಮಾತ್ರ ತೆಗೆಸಿ. ಹೊಸ ಹಲ್ಲು ಹಳದಿ ಕಾಣುತ್ತದೆ, ಅಂಚು ಗರಗಸದಂತಿದೆ ಅಂತ ದೂರು, ಎರಡೂ ಸಹಜ. ಏಳರಿಂದ ಹನ್ನೊಂದರವರೆಗೆ ಮೇಲಿನ ಮುಂದಿನ ಹಲ್ಲುಗಳು ಬೀಸಣಿಗೆಯಂತೆ ಹರಡಿಕೊಂಡು ನಡುವೆ ಸಂದು ಬಿಡುತ್ತವೆ. ಫೋಟೋದಲ್ಲಿ ಚೆಂದ ಕಾಣುವುದಿಲ್ಲ, ನಿಜ. ಕ್ಲೀವ್‌ಲ್ಯಾಂಡಿನ ಬ್ರಾಡ್‌ಬೆಂಟ್ 1937ರಲ್ಲೇ ಇದನ್ನು ಅಗ್ಲಿ ಡಕ್ಲಿಂಗ್ ಘಟ್ಟ ಅಂತ ಕರೆದು ವಿವರಿಸಿದ. ಮೇಲಿನಿಂದ ಇಳಿಯುತ್ತಿರುವ ಕೋರೆಹಲ್ಲು ಪಕ್ಕದ ಹಲ್ಲಿನ ಬೇರನ್ನು ಒತ್ತುವುದರಿಂದ ತುದಿಗಳು ಅಗಲವಾಗುತ್ತವೆ. ಕೋರೆ ಇಳಿದಂತೆ ಸಣ್ಣ ಸಂದು ತಾನೇ ಮುಚ್ಚುತ್ತದೆ. ಈ ವಯಸ್ಸಿನಲ್ಲಿ ಅವಸರಪಟ್ಟು ತಂತಿ ಹಾಕಿ ಆ ಹಲ್ಲುಗಳನ್ನು ನೆಟ್ಟಗೆ ಮಾಡಹೋದರೆ ಪಕ್ಕದ ಹಲ್ಲಿನ ಬೇರು ಕೋರೆಹಲ್ಲಿಗೆ ಢಿಕ್ಕಿ ಹೊಡೆದು ಸವೆಯುವ ಅಪಾಯವಿದೆ. "ಆಮೇಲೆ ನೋಡೋಣ" ಅನ್ನುವುದು ಇಲ್ಲಿ ಅಪ್ಪಟ ವೈದ್ಯಕೀಯ.

ಉಬ್ಬುಹಲ್ಲಿನ ವಿಷಯದಲ್ಲಿ ನನ್ನ ಸಹೋದ್ಯೋಗಿಗಳಲ್ಲೇ ಎರಡು ಪಂಗಡ. ಎಂಟು ವರ್ಷಕ್ಕೇ ಒಂದು ಸುತ್ತು, ಹದಿಮೂರಕ್ಕೆ ಇನ್ನೊಂದು ಸುತ್ತು ಚಿಕಿತ್ಸೆ ಅನ್ನುವವರಿದ್ದಾರೆ. ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಮಕ್ಕಳನ್ನು ಎರಡು ಗುಂಪು ಮಾಡಿ ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಬೇಗ ಶುರು ಮಾಡಿದವರಿಗೂ ಹದಿಹರೆಯದಲ್ಲಿ ಒಂದೇ ಸಲ ಮಾಡಿಸಿಕೊಂಡವರಿಗೂ ಕೊನೆಯ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಒಂದು ಲಾಭ ಮಾತ್ರ ಕಂಡಿತು: ಬೇಗ ಮಾಡಿಸಿಕೊಂಡವರಲ್ಲಿ ಮುಂದಿನ ಹಲ್ಲಿಗೆ ಪೆಟ್ಟು ಬೀಳುವುದು ಕಡಿಮೆ. ಮೇಲಿನ ಹಲ್ಲು 3 ಮಿಲಿಮೀಟರಿಗಿಂತ ಹೆಚ್ಚು ಮುಂದಿದ್ದರೆ ಪೆಟ್ಟಿನ ಅಪಾಯ ಸುಮಾರು ಎರಡು ಪಟ್ಟು. ಹಾಗಾಗಿ ಕೂತಲ್ಲಿ ಕೂರದ, ಕಬಡ್ಡಿ ಸೈಕಲ್ ಅಂತ ದಿನಾ ಬೀಳುವ, ಹಲ್ಲು ತೀರಾ ಮುಂದಿರುವ ಹುಡುಗನಿಗೆ ನಾನು ಬೇಗ ಶುರು ಮಾಡುತ್ತೇನೆ. ಉಳಿದವರಿಗೆ ಕಾಯಿಸುತ್ತೇನೆ. ಮಗುವನ್ನು ತರಗತಿಯಲ್ಲಿ ಆಡಿಕೊಳ್ಳುತ್ತಿದ್ದರೆ ಅದೂ ಒಂದು ಕಾರಣವೇ. ಶಿಕ್ಷಕರು ಅದನ್ನು ನಮಗಿಂತ ಮೊದಲು ಕಾಣುತ್ತೀರಿ.

ಮಾತು ಬಂದದ್ದಕ್ಕೆ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಬಿದ್ದು ಶಾಶ್ವತ ಹಲ್ಲು ಬುಡಸಮೇತ ಕಿತ್ತುಬಂದರೆ ಬೇರನ್ನು ಮುಟ್ಟದೆ ಬಿಳಿಭಾಗ ಹಿಡಿದು ಎತ್ತಿ. ಮಣ್ಣಾಗಿದ್ದರೆ ನೀರಲ್ಲಿ ಒಂದು ಸಲ ಆಡಿಸಿ, ಉಜ್ಜಬೇಡಿ. ಸಾಧ್ಯವಾದರೆ ಅಲ್ಲೇ ಅದರ ಗುಳಿಗೆ ಕೂರಿಸಿ ಕರವಸ್ತ್ರ ಕಚ್ಚಿಸಿ, ಧೈರ್ಯ ಬಾರದಿದ್ದರೆ ತಣ್ಣನೆ ಹಾಲಿನಲ್ಲಿ ಹಾಕಿ, ಅರ್ಧ ಗಂಟೆಯೊಳಗೆ ಕರೆತನ್ನಿ. ಹಾಲುಹಲ್ಲಾದರೆ ವಾಪಸು ಕೂರಿಸಬಾರದು.

ಈಗ ಕಾಯಬಾರದವು.

ಮೇಲಿನ ಒಂದು ಮುಂದಿನ ಹಲ್ಲು ಕೆಳಗಿನದರ ಹಿಂದೆ ಸಿಕ್ಕಿಬಿದ್ದಿದೆ. ಪ್ರತಿ ಕಚ್ಚಿಗೂ ಕೆಳಗಿನ ಹಲ್ಲನ್ನು ಮುಂದಕ್ಕೆ ತಳ್ಳುತ್ತದೆ, ಅದರ ಒಸಡು ಜಾರುತ್ತದೆ. ಏಳೆಂಟು ವರ್ಷಕ್ಕೆ ಒಂದು ಸಣ್ಣ ಪ್ಲೇಟಿನಲ್ಲಿ ಕೆಲವೇ ತಿಂಗಳಲ್ಲಿ ಮುಗಿಯುವ ಕೆಲಸ ಇದು. ಇನ್ನೊಂದು, ಮೇಲ್ದವಡೆ ಕಿರಿದಾಗಿ, ಕಚ್ಚುವಾಗ ಮಗು ಗದ್ದವನ್ನು ಒಂದು ಪಕ್ಕಕ್ಕೆ ಜಾರಿಸಿ ಹೊಂದಿಸಿಕೊಳ್ಳುವುದು. ಬಾಯಿ ತೆರೆದಾಗ ಗದ್ದ ನಡುವೆ, ಮುಚ್ಚಿದಾಗ ಎಡಕ್ಕೋ ಬಲಕ್ಕೋ. ಹಾಗೇ ಬೆಳೆದರೆ ಮುಖವೇ ಓರೆಯಾಗಿ ಬೆಳೆಯಬಹುದು. ಅಂಗುಳಿನ ನಡುಗೆರೆ ಬೆಸೆದುಕೊಳ್ಳುವ ಮೊದಲು ಅಗಲಿಸುವುದು ಸುಲಭ. ಹದಿನಾರು ಹದಿನೇಳಕ್ಕೆ ಬಂದರೆ ಹೆಣಗಾಟ. ಕೆಳದವಡೆ ಮುಂದಿದ್ದು ಮೇಲ್ದವಡೆ ಹಿಂದೆ ಉಳಿದ ಮಕ್ಕಳಿಗಂತೂ ಹತ್ತರೊಳಗೆ ಬಂದರಷ್ಟೇ ಮೇಲ್ದವಡೆಯನ್ನು ಎಳೆದು ಬೆಳೆಸುವ ಚಿಕಿತ್ಸೆಗೆ ಅರ್ಥ.

ನನಗೆ ಬಹಳ ಇಷ್ಟವಾದ ಪರೀಕ್ಷೆ ಮೇಲಿನ ಕೋರೆಹಲ್ಲಿನದು. ಇದಕ್ಕೆ ಯಂತ್ರ ಬೇಡ, ತೋರುಬೆರಳು ಸಾಕು. ಮಗುವಿಗೆ ಹತ್ತು ವರ್ಷವಾದಾಗ ಮೇಲ್ದುಟಿಯನ್ನು ಎತ್ತಿ, ಹಾಲಿನ ಕೋರೆಯ ಬುಡದ ಮೇಲೆ, ತುಟಿ ಒಸಡಿಗೆ ಸೇರುವ ಇಳಿಜಾರಿನಲ್ಲಿ ಬೆರಳಾಡಿಸಬೇಕು. ಒಳಗೆ ಗಟ್ಟಿಯಾಗಿ ಒಂದು ಉಬ್ಬು ಸಿಗುತ್ತದೆ. ಎರಡೂ ಪಕ್ಕ ಸಿಕ್ಕರೆ ನಿಶ್ಚಿಂತೆ. ಒಂದು ಪಕ್ಕ ಸಿಕ್ಕಿ ಇನ್ನೊಂದು ಪಕ್ಕ ಸಪಾಟಾಗಿದ್ದರೆ, ಅಲ್ಲೇ ಎಚ್ಚರ. ಆ ಕೋರೆ ದಾರಿ ತಪ್ಪಿ ಅಂಗುಳಿನ ಕಡೆ ಹೊರಟಿರಬಹುದು. ನೂರರಲ್ಲಿ ಒಂದೆರಡು ಜನರಲ್ಲಿ ಹೀಗಾಗುತ್ತದೆ, ಹುಡುಗಿಯರಲ್ಲಿ ಹೆಚ್ಚು. ಬಿಟ್ಟರೆ ಪಕ್ಕದ ಹಲ್ಲಿನ ಬೇರನ್ನೇ ಕರಗಿಸುವುದುಂಟು, ನೋವೇ ಇಲ್ಲದೆ. ಸ್ವೀಡನ್ನಿನ ಎರಿಕ್ಸನ್ ಮತ್ತು ಕುರೋಲ್ 1988ರಲ್ಲಿ ತೋರಿಸಿದ್ದು: ಹತ್ತರಿಂದ ಹದಿಮೂರರ ಮಕ್ಕಳಲ್ಲಿ ಹಾಲಿನ ಕೋರೆಯನ್ನು ಮುಂಚೆಯೇ ಕಿತ್ತಾಗ, ದಾರಿ ತಪ್ಪಿದ ಕೋರೆಗಳಲ್ಲಿ ಶೇ. 78ರಷ್ಟು ತಾವಾಗಿಯೇ ಸರಿದಾರಿಗೆ ಬಂದವು. ಒಂದು ಹಾಲುಹಲ್ಲು ಕೀಳುವ ಕೆಲಸ! ಇದೇ ಮಗು ಹದಿನಾರಕ್ಕೆ ಬಂದರೆ ಅಂಗುಳು ಕೊಯ್ದು, ಹಲ್ಲಿಗೆ ಕೊಂಡಿ ಅಂಟಿಸಿ, ವರ್ಷಕ್ಕೂ ಮಿಕ್ಕಿ ಎಳೆಯಬೇಕು. ಶಾಲಾ ತಪಾಸಣೆ ಶಿಬಿರಗಳಲ್ಲಿ ಹುಳುಕು ಎಣಿಸಿ ಬರೆದುಕೊಂಡು ಬರುವ ನಾವು, ಐದನೇ ತರಗತಿಯವರಿಗೆ ಈ ಒಂದು ಬೆರಳಿನ ಪರೀಕ್ಷೆ ಸೇರಿಸಿಕೊಂಡರೆ ಏನು ಕಷ್ಟ?

ಹುಡುಗಿಯರ ಮಾತು ಬಂತು. ಹುಡುಗಿಯರ ಬೆಳವಣಿಗೆಯ ಜಿಗಿತ ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲು. ಹಿಂದುಳಿದ ಕೆಳದವಡೆಯನ್ನು ಆ ಜಿಗಿತದಲ್ಲಿ ಬಳಸಿಕೊಳ್ಳುವ ಉಪಕರಣಗಳು ಹುಡುಗಿಗೆ ಹನ್ನೊಂದು ಹನ್ನೆರಡಕ್ಕೇ ಶುರುವಾಗಬೇಕು. ನಮ್ಮಲ್ಲಿ ಆಗುವುದೇನು? ಮಗನನ್ನು ಹನ್ನೆರಡಕ್ಕೆ ತರುತ್ತಾರೆ. ಮಗಳನ್ನು ಡಿಗ್ರಿ ಮುಗಿದು ಗಂಡು ನೋಡುವಾಗ, "ಮದುವೆ ಒಳಗೆ ಮುಗಿಸಿಕೊಡ್ರಿ" ಅಂತ. ಅಷ್ಟೊತ್ತಿಗೆ ಬೆಳವಣಿಗೆ ನಿಂತು ವರ್ಷಗಳಾಗಿರುತ್ತವೆ. ನಾಲ್ಕು ಹಲ್ಲು ಕಿತ್ತು ಸಾಲು ಹೊಂದಿಸಬಹುದು, ದವಡೆಯನ್ನು ಬೆಳೆಸಲಾಗದು.

ಜಗಳೂರು, ಮೊಳಕಾಲ್ಮೂರು ಕಡೆಯವರು ಇಲ್ಲಿ ಇದ್ದೀರಿ. ನಿಮ್ಮ ಕೊಳವೆಬಾವಿ ನೀರಿನ ಫ್ಲೋರೈಡ್ ಕಥೆ ನಿಮಗೇ ಗೊತ್ತು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ನಮ್ಮ ದೇಶದ ಮಾನದಂಡ. ಅದು ಹೆಚ್ಚಾದಾಗ ಹಲ್ಲಿನಲ್ಲಿ ಕಾಣುವ ಕಂದು ಕಲೆ ಹೊರಗಿನಿಂದ ಹತ್ತಿದ್ದಲ್ಲ, ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಕಟ್ಟುವ ಕಾಲದಲ್ಲೇ ಒಳಗೆ ಬಂದದ್ದು. ಮುಂದಿನ ಹಲ್ಲಿನ ಎನಾಮಲ್ ಮೂರು ನಾಲ್ಕು ತಿಂಗಳಿನಿಂದ ನಾಲ್ಕೈದು ವರ್ಷದವರೆಗೆ ಕಟ್ಟುತ್ತದೆ, ಎರಡನೇ ದವಡೆ ಹಲ್ಲಿನದು ಏಳೆಂಟರವರೆಗೆ. ಆದ್ದರಿಂದ ಮುಂದಿನ ಹಲ್ಲು ಬೆಳ್ಳಗಿದ್ದು ಹಿಂದಿನವು ಮಾತ್ರ ಕಂದಾದ ಹುಡುಗನನ್ನು ಕಂಡರೆ "ಶಾಲೆಗೆ ಸೇರೋ ಹೊತ್ತಿಗೆ ಊರು ಬದಲಾಯಿಸಿದ್ರಾ?" ಅಂತ ಕೇಳುತ್ತೇನೆ. ಹೌದು ಅಂದಾಗ ಅವರಿಗೆ ಆಶ್ಚರ್ಯ. ಹತ್ತು ವರ್ಷದ ಹುಡುಗನಿಗೆ ಶುದ್ಧ ನೀರಿನ ಘಟಕದ ನೀರು ಕೊಟ್ಟರೆ ಹಲ್ಲಿನ ಕಲೆ ಹೋಗುವುದಿಲ್ಲ, ಮೂಳೆಗೆ ಒಳ್ಳೆಯದಷ್ಟೇ. ಹಲ್ಲಿಗಾಗಿ ಕೊಡಬೇಕಾದದ್ದು ಅವನ ಮನೆಯ ಕೂಸಿಗೆ.

ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲ ಅನ್ನುವುದನ್ನೂ ಕೇಳುತ್ತಾರೆ. ಸಾಮಾನ್ಯವಾಗಿ ಕೆಳಗಿನವು ಮೊದಲು, ಕೆಲವು ಕೂಸುಗಳಿಗೆ ಮೇಲಿನವು. ಮಾವಂದಿರು ನೆಮ್ಮದಿಯಾಗಿರಬಹುದು.

ಉಪನ್ಯಾಸದ ಕೊನೆಗೆ ಒಬ್ಬ ಶಿಕ್ಷಕಿ ಎದ್ದು ಕೇಳಿದರು: "ಸಾರ್, ನಮ್ಮ ಒಂದನೇ ಕ್ಲಾಸಿನಲ್ಲಿ ಒಬ್ಬಳು ಬೆರಳು ಚೀಪ್ತಾಳೆ. ಅವರಜ್ಜಿ ಬೇವಿನೆಣ್ಣೆ ಹಚ್ಚಿ ಕಳಿಸ್ತಾರೆ. ಬಿಡಿಸೋದು ಹೆಂಗೆ?"

ಮೂರು ವರ್ಷದವರೆಗೆ ನೋಡಿಯೂ ನೋಡದಂತಿರಿ ಅಂದೆ. ನಾಲ್ಕರೊಳಗೆ ಬಿಟ್ಟರೆ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಬಿಟ್ಟುಕೊಂಡ ಸಂದು ಬಹುಮಟ್ಟಿಗೆ ತಾನೇ ಮುಚ್ಚುತ್ತದೆ. ಆರಕ್ಕೆ ಹೊಸ ಹಲ್ಲು ಬರುವ ಹೊತ್ತು, ಈಗ ಬಿಡಿಸಬೇಕು. ಹಲ್ಲು ಸರಿಯಲು ಮುಖ್ಯವಾದದ್ದು ಒತ್ತಡದ ಜೋರಲ್ಲ, ಹೊತ್ತು. ದಿನಕ್ಕೆ ಆರು ಗಂಟೆಗೆ ಹತ್ತಿರ ಬಂದರೆ ಸರಿಯುತ್ತದೆ. ಹಾಗಾಗಿ ತರಗತಿಯಲ್ಲಿ ಚೀಪುವ ಹತ್ತು ನಿಮಿಷಕ್ಕಿಂತ ರಾತ್ರಿ ನಿದ್ದೆಯಲ್ಲಿ ಚೀಪುವುದು ಹೆಚ್ಚು ಕೆಡಿಸುತ್ತದೆ. ಎಲ್ಲರೆದುರು ಗದರಬೇಡಿ, ಕೈಗೆ ಬಣ್ಣದ ಪೆನ್ಸಿಲೋ ಮಣಿಯೋ ಕೊಡಿ. ಮನೆಯವರಿಗೆ ಹೇಳಿ: ರಾತ್ರಿ ಮಲಗುವಾಗ ಮೊಣಕೈಗೆ ಹತ್ತಿ ಬಟ್ಟೆ ಸಡಿಲವಾಗಿ ಸುತ್ತಿದರೆ ಕೈ ಬಾಯಿವರೆಗೆ ಮಡಚುವುದಿಲ್ಲ, ಆದರೆ ಮಗುವನ್ನು ಕೇಳಿ, ಅವಳು ಹ್ಞೂಂ ಅಂದ ಮೇಲೆ ಸುತ್ತಬೇಕು. ಬೇವಿನೆಣ್ಣೆಯ ಕಹಿಗೆ ಕೆಲವು ಮಕ್ಕಳು ವಾರದೊಳಗೆ ಒಗ್ಗಿಹೋಗುತ್ತಾರೆ. ಎರಡು ಮೂರು ತಿಂಗಳು ನೋಡಿ, ಆಗಲೂ ಬಿಡದಿದ್ದರೆ ಕರೆದುಕೊಂಡು ಬನ್ನಿ, ಅಂಗುಳಿಗೆ ಒಂದು ತಂತಿ ಹಾಕಿಕೊಡುತ್ತೇವೆ. ಬರುವಾಗ ಮೂಗು ಕಟ್ಟಿಕೊಂಡು ಬಾಯಲ್ಲೇ ಉಸಿರಾಡುತ್ತಾಳಾ, ರಾತ್ರಿ ಗೊರಕೆ ಹೊಡೆಯುತ್ತಾಳಾ ಅಂತ ಅಜ್ಜಿಯನ್ನು ಕೇಳಿಕೊಂಡು ಬನ್ನಿ. ಹೌದಾದರೆ ನಮಗಿಂತ ಮೊದಲು ಕಿವಿ-ಮೂಗು-ಗಂಟಲಿನವರ ಹತ್ತಿರ ಹೋಗಬೇಕು.